ಮಗ್ಗವಿಲ್ಲದ ನೇಕಾರರ ಮನೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಕಾಗದ ತಲುಪಿತು. ಮನೆಯವರೆಲ್ಲ ಕ್ಷೇಮವೆಂದು ತಿಳಿದು ಸಮಾಧಾನವಾಯಿತು. ಸ್ಕಾಟ್ಲೆಂಡಿನ ಡಂಡೀ ನಗರದ ಸೆಣಬಿನ ಗಿರಣಿಗಳ ಬಗ್ಗೆ ಕಳೆದ ಬಾರಿ ನಾನು ಬರೆದದ್ದನ್ನು ಓದಿ, "ಅಲ್ಲಿಯ ನೇಕಾರರ ಮನೆಯಲ್ಲಿ ಮಗ್ಗವೇ ಇರಲಿಲ್ಲವೆಂದರೆ, ಆ ಮನೆಯೊಳಗೆ ದಿನ ಹೇಗೆ ಸಾಗುತ್ತಿತ್ತು?" ಎಂದು ಕೇಳಿದ್ದೀಯ. ಗುಳೇದಗುಡ್ಡದಲ್ಲಿ ಗುಂಡಿಮಗ್ಗದ ಸದ್ದು ಕೇಳುತ್ತಲೇ ಬೆಳೆದ ನಿನಗೆ ಈ ಪ್ರಶ್ನೆ ಹುಟ್ಟುವುದು ಸಹಜ. ಇದಕ್ಕೆ ಎರಡು ಸಾಲಿನ ಉತ್ತರ ಕೊಡಲು ನನಗೆ ಮನಸ್ಸಾಗಲಿಲ್ಲ. ಅದಕ್ಕಾಗಿ ವಿಕ್ಟೋರಿಯಾ ರಾಣಿಯ ಕಾಲದ ಒಂದೇ ಒಂದು ಮನೆಯನ್ನು ಆರಿಸಿಕೊಂಡು, ಅದರ ಮೂಲಕ ಉಳಿದದ್ದನ್ನು ಹೇಳಲು ಪ್ರಯತ್ನಿಸುತ್ತೇನೆ.

ಅದು ಮೇರಿ ಸ್ಲೆಸರ್ ಎಂಬ ಹೆಣ್ಣುಮಗಳು ಬೆಳೆದ ಮನೆ. ಆಫ್ರಿಕದ ಕ್ಯಾಲಬಾರ್ ಸೀಮೆಯಲ್ಲಿ, ಅಂದರೆ ಇಂದಿನ ನೈಜೀರಿಯದ ಆಗ್ನೇಯ ಭಾಗದಲ್ಲಿ, ಮಿಷನರಿಯಾಗಿ ದುಡಿದು, ಅವಳಿ ಮಕ್ಕಳನ್ನು ಅಪಶಕುನವೆಂದು ಕೊಲ್ಲುವ ಪದ್ಧತಿಯ ವಿರುದ್ಧ ಹೋರಾಡಿದವಳೆಂದು ಅವಳ ಹೆಸರು ಪ್ರಸಿದ್ಧವಾಗಿದೆ. ಸ್ಕಾಟ್ಲೆಂಡಿನ ಹತ್ತು ಪೌಂಡಿನ ನೋಟಿನ ಮೇಲೂ ಅವಳ ಚಿತ್ರ ಬಂದಿತ್ತು. ಆದರೆ ಅವಳ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಅವಳು ಹಡಗು ಹತ್ತಿದಲ್ಲಿಂದ ಆರಂಭಿಸುತ್ತಾರೆ. ಹನ್ನೊಂದನೆಯ ವಯಸ್ಸಿನಿಂದ ಅವಳು ಗಿರಣಿಯಲ್ಲಿ ಕಳೆದ ವರ್ಷಗಳು ಅವರಿಗೆ ಒಂದು ಮುನ್ನುಡಿಯಷ್ಟೇ. ನನಗೆ ಮಾತ್ರ ಆ ವರ್ಷಗಳೇ ಮುಖ್ಯವೆಂದು ತೋರುತ್ತವೆ, ಏಕೆಂದರೆ ಡಂಡೀಯಲ್ಲಿ ದುಡಿದ ಸಾವಿರಾರು ಹೆಂಗಸರ ಮನೆಯೊಳಗಿನ ಮಾತು ದಾಖಲಾಗದೆ ಅಳಿಸಿಹೋಗಿದೆ. ಈ ಒಂದು ಮನೆಯ ಮಗಳು ಮುಂದೆ ಹೆಸರುವಾಸಿಯಾದ ಕಾರಣಕ್ಕೆ ಆ ಮನೆಯ ಬಾಗಿಲು ನಮಗೆ ಸ್ವಲ್ಪವಾದರೂ ತೆರೆದಿದೆ.

ಅದಕ್ಕೂ ಮೊದಲು ಒಂದು ವಿಷಯ. ನಿಮ್ಮ ಮನೆಯಂಥ ಮನೆಗಳು ಸ್ಕಾಟ್ಲೆಂಡಿನಲ್ಲೂ ಇದ್ದವು. ಡನ್‌ಫರ್ಮ್‌ಲಿನ್ ಎಂಬ ಊರು ಅಗಸೆನಾರಿನ ನೂಲಿನಿಂದ ನೇಯ್ದ, ನೇಯ್ಗೆಯಲ್ಲೇ ಹೂಬಳ್ಳಿ ಮೂಡುವ ಡಮಾಸ್ಕ್ ಬಟ್ಟೆಗೆ ಹೆಸರಾಗಿತ್ತು. ಮುಂದೆ ಅಮೆರಿಕದಲ್ಲಿ ಉಕ್ಕಿನ ಉದ್ಯಮಿಯಾದ ಆಂಡ್ರ್ಯೂ ಕಾರ್ನೆಗಿ 1835ರಲ್ಲಿ ಹುಟ್ಟಿದ್ದು ಆ ಊರಿನ ಒಬ್ಬ ಕೈಮಗ್ಗದ ನೇಕಾರನ ಮನೆಯಲ್ಲಿ. ಕೆಳಗಿನ ಅಂತಸ್ತಿನಲ್ಲಿ ಮಗ್ಗ, ಮೇಲಿನ ಅಟ್ಟದಂಥ ಕೋಣೆಯಲ್ಲಿ ಸಂಸಾರ. ಹಬೆಯಿಂದ ನಡೆಯುವ ಮಗ್ಗಗಳು ಬಂದಮೇಲೆ ತಂದೆಗೆ ಕೆಲಸ ತಪ್ಪುತ್ತ ಬಂತು. ತಾಯಿ ಸಣ್ಣದೊಂದು ಅಂಗಡಿ ಇಟ್ಟುಕೊಂಡು, ಬೂಟುಗಳ ಚರ್ಮ ಹೊಲಿದು ಮನೆಯನ್ನು ಎತ್ತಿ ಹಿಡಿದಳು. ಕೊನೆಗೆ 1848ರಲ್ಲಿ ಮಗ್ಗಗಳನ್ನು ಮಾರಿ ಇಡೀ ಕುಟುಂಬ ಅಮೆರಿಕಕ್ಕೆ ಹೊರಟಿತು. ಮೇರಿ ಸ್ಲೆಸರ್ ಹುಟ್ಟಿದ್ದೂ ಅದೇ 1848ರಲ್ಲಿ, ಆಬರ್ಡೀನ್ ನಗರದ ಅಂಚಿನ ಗಿಲ್ಕಮ್‌ಸ್ಟನ್‌ನಲ್ಲಿ. ಅಂದರೆ ಮಗ್ಗವು ಮನೆಯಿಂದ ಹೊರಟು ಕಾರ್ಖಾನೆಯನ್ನು ಸೇರಿದ ತಲೆಮಾರಿನಲ್ಲಿ ಅವಳು ಹುಟ್ಟಿದಳು.

ತಂದೆ ರಾಬರ್ಟ್ ಚಮ್ಮಾರಿಕೆ ಮಾಡುತ್ತಿದ್ದವನು. ತಾಯಿಯ ಹೆಸರೂ ಮೇರಿಯೇ. ಆಕೆ ಕೈನುರಿತ ನೇಯ್ಗೆಗಾತಿ. ಏಳು ಮಕ್ಕಳಲ್ಲಿ ಮಗಳು ಮೇರಿ ಎರಡನೆಯವಳು. ತಂದೆಗೆ ಕುಡಿತದ ಚಟ ಹತ್ತಿ ಕಸುಬು ಕೈಬಿಟ್ಟುಹೋಯಿತು. 1859ರಲ್ಲಿ ಅವರು ಇದ್ದಬದ್ದ ಸಾಮಾನು ಮಾರಿ ಟೇ ನದಿಯ ದಡದ ಡಂಡೀಗೆ ಬಂದರು. ಕೆಲಸ ಹುಡುಕಿಕೊಂಡು ಆ ಊರಿಗೇ ಏಕೆ ಬಂದರು ಎಂಬುದಕ್ಕೆ ಉತ್ತರ ಸೆಣಬಿನಲ್ಲಿದೆ.

ಡಂಡೀ ಮೊದಲಿನಿಂದ ಅಗಸೆನಾರಿನ ಒರಟು ಬಟ್ಟೆ ನೇಯುವ ಊರು. ಅದಕ್ಕೆ ಬೇಕಾದ ನಾರು ಹೆಚ್ಚಾಗಿ ರಷ್ಯದಿಂದ ಬರುತ್ತಿತ್ತು. ಬಂಗಾಳದ ಸೆಣಬು ಅಗ್ಗವಾಗಿತ್ತಾದರೂ ಒಣಗಿ ಗಡುಸಾದ ಆ ನಾರು ಯಂತ್ರಕ್ಕೆ ಸಿಕ್ಕಿದರೆ ತುಂಡಾಗುತ್ತಿತ್ತು. ಡಂಡೀ ಬಂದರಿನಿಂದ ತಿಮಿಂಗಿಲ ಬೇಟೆಯ ಹಡಗುಗಳು ಉತ್ತರದ ಹಿಮಸಮುದ್ರಕ್ಕೆ ಹೋಗಿಬರುತ್ತಿದ್ದವು. ಆ ತಿಮಿಂಗಿಲದ ಎಣ್ಣೆಯನ್ನು ನೀರಿನೊಂದಿಗೆ ಬೆರೆಸಿ ನಾರಿನ ಮೇಲೆ ಸುರಿದರೆ ಅದು ಮೆತ್ತಗಾಗಿ ನೂಲಿಗೆ ಬಗ್ಗುತ್ತದೆಂದು 1830ರ ದಶಕದ ಹೊತ್ತಿಗೆ ಅಲ್ಲಿಯವರು ಕಂಡುಕೊಂಡರು. ಬ್ರಿಟನ್ ರಷ್ಯದ ವಿರುದ್ಧ ಹೋರಾಡಿದ ಕ್ರಿಮಿಯಾ ಯುದ್ಧದಲ್ಲಿ ರಷ್ಯದ ನಾರಿಗೆ ತೊಡಕಾದಾಗ ಸೆಣಬಿನ ಬೆಲೆ ತಿಳಿಯಿತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಚೀಲಗಳಿಗೂ ಡೇರೆ ಬಟ್ಟೆಗೂ ಬೇಡಿಕೆ ಉಕ್ಕಿತು. ಊರು ಊಹೆಗೂ ಮೀರಿ ಬೆಳೆಯಿತು: 1841ರಲ್ಲಿ ಸುಮಾರು 60 ಸಾವಿರ ಇದ್ದ ಜನಸಂಖ್ಯೆ 1901ರ ಹೊತ್ತಿಗೆ 1 ಲಕ್ಷ 60 ಸಾವಿರ ದಾಟಿತು. ಲಾಕೀ ಎಂಬ ಕೇರಿಯಲ್ಲಿ ಕಾಕ್ಸ್ ಸಹೋದರರು ಕಟ್ಟಿಸಿದ ಕ್ಯಾಂಪರ್‌ಡೌನ್ ಕಾರ್ಖಾನೆ ಜಗತ್ತಿನಲ್ಲೇ ದೊಡ್ಡದಾದ ಸೆಣಬಿನ ಕಾರ್ಖಾನೆಯಾಗಿ, ಸುಮಾರು 5 ಸಾವಿರ ಕೈಗಳಿಗೆ ಕೆಲಸ ಕೊಟ್ಟಿತು. 1866ರ ಸುಮಾರಿಗೆ ಎದ್ದ ಅದರ 282 ಅಡಿ ಎತ್ತರದ ಚಿಮಣಿ ಇಂದಿಗೂ ನಿಂತಿದೆ.

ಈ ಕೈಗಳಲ್ಲಿ ಹೆಚ್ಚಿನವು ಹೆಂಗಸರವು ಮತ್ತು ಮಕ್ಕಳವು ಎಂಬುದನ್ನು ನೀನು ಗಮನಿಸಬೇಕು. ಮಾಲೀಕರಿಗೆ ಅಗ್ಗದ ಕೂಲಿ ಬೇಕಿತ್ತು. ಗಂಡುಮಕ್ಕಳನ್ನು ಚಿಕ್ಕವರಿದ್ದಾಗ ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದರು. ಅವರು ಹದಿನೆಂಟರ ಆಸುಪಾಸಿಗೆ ಬಂದು ದೊಡ್ಡವರ ಕೂಲಿ ಕೊಡಬೇಕಾದಾಗ ಮನೆಗೆ ಕಳಿಸುತ್ತಿದ್ದರು. ಹೆಣ್ಣುಮಕ್ಕಳನ್ನು ಮಾತ್ರ ಉಳಿಸಿಕೊಳ್ಳುತ್ತಿದ್ದರು. ಹೀಗಾಗಿ ಹೆಂಡತಿ ಗಿರಣಿಗೆ ಹೋಗುವುದು, ಗಂಡ ಮನೆಯಲ್ಲಿ ಒಲೆಯ ಮುಂದೆ ಕೂರುವುದು ಆ ಊರಿನಲ್ಲಿ ಸಾಮಾನ್ಯ ದೃಶ್ಯವಾಯಿತು. ಅಂಥ ಗಂಡಸರನ್ನು ಕೆಟಲ್ ಕಾಯಿಸುವವರೆಂದು ಊರವರು ಹಂಗಿಸುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲೆಕ್ಕ ಹಾಕಿದಾಗ ಡಂಡೀಯ ಮದುವೆಯಾದ ಹೆಂಗಸರಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಕೂಲಿಗೆ ದುಡಿಯುತ್ತಿದ್ದರು. ಗ್ಲಾಸ್ಗೋದಂಥ ನಗರಗಳಲ್ಲಿ ಈ ಪ್ರಮಾಣ ತೀರಾ ಕಡಿಮೆ. ರಾಬರ್ಟ್ ಸ್ಲೆಸರನ ಕುಡಿತವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಕಸುಬು ಕಳೆದುಕೊಂಡ ಒಬ್ಬ ಚಮ್ಮಾರ, ಗಂಡಸಿನ ಕೈ ಬೇಡವೆನ್ನುವ ಊರಿಗೆ ಬಂದು ಗಿರಣಿಯಲ್ಲಿ ಮೈಬಗ್ಗಿಸುವ ಸಣ್ಣ ಕೆಲಸಕ್ಕೆ ನಿಂತನೆಂಬುದನ್ನು ಅವನ ಬಗ್ಗೆ ಬರೆಯುವವರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇನ್ನು ಮನೆಯ ವಿಷಯ. ಕಾರ್ಮಿಕರ ವಾಸ ಬಹುಮಹಡಿಯ ಕಲ್ಲಿನ ವಠಾರಗಳಲ್ಲಿ. ಬೀದಿಯಿಂದ ಒಂದು ಕಿರಿದಾದ ಓಣಿಯ ಮೂಲಕ ಒಳಹೊಕ್ಕು, ಕತ್ತಲೆಯ ಕಲ್ಲುಮೆಟ್ಟಿಲು ಹತ್ತಿದರೆ ಸಾಲಾಗಿ ಬಾಗಿಲುಗಳು; ಒಂದೊಂದು ಬಾಗಿಲ ಹಿಂದೆ ಒಂದು ಅಥವಾ ಎರಡು ಕೋಣೆಯ ಸಂಸಾರ. 1861ರ ಜನಗಣತಿಯ ಪ್ರಕಾರ ಸ್ಕಾಟ್ಲೆಂಡಿನ ಮನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಒಂದೇ ಕೋಣೆಯವು. ಗೋಡೆಯೊಳಗೆ ಗೂಡಿನಂತೆ ಕೂಡಿಸಿದ ಮಂಚದಲ್ಲಿ ಗಂಡ, ಹೆಂಡತಿ, ಕೈಕೂಸು. ಉಳಿದ ಮಕ್ಕಳು ನೆಲದ ಮೇಲೆ. ಅದೇ ಕೋಣೆಯಲ್ಲಿ ಅಡುಗೆ, ಅಲ್ಲೇ ಬಾಣಂತನ, ಯಾರಾದರೂ ಸತ್ತರೆ ಮಣ್ಣಾಗುವವರೆಗೆ ಹೆಣವೂ ಅಲ್ಲೇ. ಶೌಚಕ್ಕೆ ಅಂಗಳದಲ್ಲಿ ಎಲ್ಲರಿಗೂ ಸೇರಿ ಒಂದೋ ಎರಡೋ ಗೂಡು. 1861ರಲ್ಲಿ 91 ಸಾವಿರಕ್ಕೂ ಹೆಚ್ಚು ಜನರಿದ್ದ ಆ ನಗರದಲ್ಲಿ ನೀರು ಹರಿಸುವ ಶೌಚಾಲಯಗಳು ಐದೇ ಐದು ಇದ್ದವೆಂದೂ ಅವುಗಳಲ್ಲಿ ಮೂರು ಹೋಟೆಲುಗಳಲ್ಲಿದ್ದವೆಂದೂ ಇತಿಹಾಸಕಾರರು ಬರೆಯುತ್ತಾರೆ. ನೀರನ್ನು ಹೊತ್ತು ತಂದು ಮೆಟ್ಟಿಲು ಹತ್ತಿಸಬೇಕು; ಹನ್ನೆರಡು ಗಂಟೆ ಮನೆಯ ಹೊರಗಿದ್ದು ಬಂದ ತಾಯಿಯೇ ಅದನ್ನು ಹೊರಬೇಕು, ಇಲ್ಲವೇ ದೊಡ್ಡ ಮಗಳು.

ಊಟವೂ ಗಿರಣಿಯ ಗಂಟೆಗೆ ತಕ್ಕಂತೆ ಬದಲಾಯಿತು. ಸ್ಕಾಟ್ಲೆಂಡಿನ ಹಳ್ಳಿಯ ಆಹಾರವೆಂದರೆ ಓಟ್ಸ್ ಹಿಟ್ಟಿನ ಅಂಬಲಿ, ಆಲೂಗಡ್ಡೆ, ಬಾರ್ಲಿ ಮತ್ತು ತರಕಾರಿ ಹಾಕಿ ಬಹಳ ಹೊತ್ತು ಕುದಿಸಿದ ಸಾರು. ಒಲೆಯ ಮುಂದೆ ನಿಲ್ಲಲು ತಾಯಿಗೆ ಬಿಡುವಿಲ್ಲದ ಮನೆಯಲ್ಲಿ ಇದೆಲ್ಲ ಹಿಂದೆ ಸರಿದು, ಅಂಗಡಿಯ ಬ್ರೆಡ್ಡು ಮತ್ತು ಕಡುಚಹ ಮುಂದೆ ಬಂದವು. ಇನ್ನು ಹಾಲು ಕುಡಿಯುವ ಕೂಸುಗಳ ಗತಿಯನ್ನು ನೆನೆದರೆ ಸಂಕಟವಾಗುತ್ತದೆ. ಅವುಗಳನ್ನು ಅಜ್ಜಿಯ ಬಳಿಯಲ್ಲೋ, ನೆರೆಯ ಮುದುಕಿಗೆ ನಾಲ್ಕು ಕಾಸು ಕೊಟ್ಟೋ ಬಿಟ್ಟುಹೋಗಬೇಕಿತ್ತು. ಅಳುವ ಮಗುವನ್ನು ಮಲಗಿಸಲು ಅಫೀಮು ಬೆರೆಸಿದ ಔಷಧಿ ಆ ಕಾಲದಲ್ಲಿ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತಿತ್ತು. ಡಂಡೀಯ ಶಿಶುಮರಣದ ಪ್ರಮಾಣ ಇಡೀ ದೇಶಕ್ಕೆ ಕಳವಳ ತರುವಷ್ಟಿತ್ತು. ಇದಕ್ಕೆ ತಾಯಂದಿರ ಅಲಕ್ಷ್ಯವೇ ಕಾರಣವೆಂದು ಅಂದಿನ ದೊಡ್ಡವರು ಉಪದೇಶ ಮಾಡಿದರು. ಅವಳು ಮನೆಯಲ್ಲೇ ಉಳಿದು ಮಗುವಿಗೆ ಹಾಲೂಡಿಸಿದರೆ ಉಳಿದವರು ಏನನ್ನು ತಿನ್ನಬೇಕೆಂದು ಆ ಉಪದೇಶಕರಲ್ಲಿ ಬಹಳ ಮಂದಿ ಕೇಳಿಕೊಂಡಂತೆ ಕಾಣುವುದಿಲ್ಲ.

ಮಗಳು ಮೇರಿ ಹನ್ನೊಂದು ವರ್ಷಕ್ಕೆ ಬ್ಯಾಕ್ಸ್‌ಟರ್ ಸಹೋದರರ ಗಿರಣಿಗೆ ಸೇರಿದಳು. ಮುಖ್ಯವಾಗಿ ಅಗಸೆನಾರಿನ ಬಟ್ಟೆ ತಯಾರಿಸುತ್ತಿದ್ದ ದೊಡ್ಡ ಕಾರ್ಖಾನೆಯದು. 1844ರ ಕಾಯ್ದೆಯಂತೆ ಎಂಟರಿಂದ ಹದಿಮೂರು ವರ್ಷದೊಳಗಿನ ಮಕ್ಕಳನ್ನು ದಿನಕ್ಕೆ ಆರೂವರೆ ಗಂಟೆ ಮಾತ್ರ ದುಡಿಸಬಹುದಿತ್ತು. ಉಳಿದ ಹೊತ್ತಿನಲ್ಲಿ ಅವರು ಶಾಲೆಗೆ ಹೋಗಿದ್ದಾರೆಂದು ಮೇಷ್ಟರು ಬರೆದುಕೊಟ್ಟ ಚೀಟಿ ಬೇಕಿತ್ತು. ಹೀಗೆ ಅರ್ಧ ದಿನ ಗಿರಣಿಯಲ್ಲಿ, ಅರ್ಧ ದಿನ ಗಿರಣಿಯದೇ ಶಾಲೆಯಲ್ಲಿ ಅವಳ ಬಾಲ್ಯ ಕಳೆಯಿತು.

ಇಂಥ ಮಕ್ಕಳ ಕೆಲಸ ಹೇಗಿರುತ್ತಿತ್ತೆಂದು ಹೇಳುತ್ತೇನೆ. ಲಾಳಿಯೊಳಗಿಡುವ ನೂಲಿನ ಸುರುಳಿಯನ್ನು, ಅಂದರೆ ಕಂಡಿಕೆಯನ್ನು, ಸುತ್ತುವುದನ್ನು ಕಂಡ ನಿನಗೆ ಇದು ತಕ್ಷಣ ಅರ್ಥವಾಗುತ್ತದೆ. ನೂಲುವ ಯಂತ್ರದ ಉದ್ದಕ್ಕೂ ಸಾಲಾಗಿ ಕದಿರುಗಳು ತಿರುಗುತ್ತಿರುತ್ತವೆ, ಪ್ರತಿಯೊಂದರ ಮೇಲೂ ಒಂದು ಬಾಬಿನ್. ಬಾಬಿನ್ನುಗಳಲ್ಲಿ ನೂಲು ತುಂಬುತ್ತಲೇ ಯಂತ್ರವನ್ನು ನಿಲ್ಲಿಸುತ್ತಾರೆ. ಸೀಟಿ ಊದಿದೊಡನೆ ಮಕ್ಕಳ ಒಂದು ಗುಂಪು ಓಡಿಬಂದು ತುಂಬಿದ ಬಾಬಿನ್ನುಗಳನ್ನು ಕಿತ್ತು, ಖಾಲಿ ಬಾಬಿನ್ನುಗಳನ್ನು ತೊಡಿಸಿ, ನೂಲಿನ ತುದಿಯನ್ನು ಸಿಕ್ಕಿಸಿ, ಮುಂದಿನ ಯಂತ್ರಕ್ಕೆ ಓಡಬೇಕು. ಯಂತ್ರ ನಿಂತ ಪ್ರತಿ ಗಳಿಗೆಯೂ ಮಾಲೀಕನಿಗೆ ನಷ್ಟವಾದ್ದರಿಂದ ಮೇಸ್ತ್ರಿಯ ಕಣ್ಣು ಈ ಮಕ್ಕಳ ಬೆರಳುಗಳ ಮೇಲೆಯೇ ಇರುತ್ತಿತ್ತು. ನೆಲದ ತುಂಬ ಎಣ್ಣೆಯ ಜಿಡ್ಡು, ಗಾಳಿಯ ತುಂಬ ನಾರಿನ ಧೂಳು, ತಲೆಯ ಮೇಲೆ ಬಿಡುವಿಲ್ಲದೆ ಓಡುವ ಚರ್ಮದ ಪಟ್ಟಿಗಳು. ಇಷ್ಟರ ನಡುವೆ ಬೆಳಗು ಕಳೆದು ಬಂದ ಮಗು ಮಧ್ಯಾಹ್ನ ಶಾಲೆಯ ಬೆಂಚಿನ ಮೇಲೆ ಏನು ಕಲಿತೀತು? ಅರ್ಧ ದಿನದ ಈ ಏರ್ಪಾಡನ್ನು ಸುಧಾರಣೆಯೆಂದು ಹೊಗಳುವವರನ್ನು ನಾನು ಓದಿದ್ದೇನೆ. ಹಿಂದಿನ ಸ್ಥಿತಿಗೆ ಹೋಲಿಸಿದರೆ ಅದು ಸುಧಾರಣೆಯೇ ಹೌದು. ಆದರೆ ಹನ್ನೊಂದು ವರ್ಷದ ಹುಡುಗಿಗೆ ಎರಡು ದುಡಿಮೆಗಳನ್ನು ಹೊರಿಸಿದ ಏರ್ಪಾಡೂ ಅದೇ.

ಮೇರಿ ತನ್ನ ಮೊದಲ ಕೂಲಿಯನ್ನು ತಂದು ತಾಯಿಯ ಕೈಗಿತ್ತಾಗ ತಾಯಿ ಅದನ್ನು ಹಿಡಿದು ಅತ್ತಳೆಂದೂ, ಖರ್ಚು ಮಾಡಲು ಮನಸ್ಸು ಬಾರದೆ ಎತ್ತಿಟ್ಟಳೆಂದೂ ಅವಳ ಜೀವನಚರಿತ್ರೆ ಹೇಳುತ್ತದೆ. ಆದರೆ ಎತ್ತಿಟ್ಟು ಉಳಿಸಿಕೊಳ್ಳುವ ಸ್ಥಿತಿ ಆ ಮನೆಯದಾಗಿರಲಿಲ್ಲ. ಬೇಗನೆ ಮಗಳ ಕೂಲಿಯೂ ಬಾಡಿಗೆಗೆ, ಕಲ್ಲಿದ್ದಲಿಗೆ, ಬ್ರೆಡ್ಡಿಗೆ ಸಲ್ಲುವ ಹಣವಾಯಿತು.

ಹದಿನಾಲ್ಕು ತುಂಬುವ ಹೊತ್ತಿಗೆ ಅವಳು ಪೂರ್ಣಾವಧಿಯ ನೇಯ್ಗೆಗಾತಿಯಾದಳು. 1850ರ ಕಾಯ್ದೆ ಗೊತ್ತುಮಾಡಿದ್ದಂತೆ ಹೆಂಗಸರ ದುಡಿಮೆ ಬೆಳಗಿನ 6ರಿಂದ ಸಂಜೆ 6ರವರೆಗೆ, ನಡುವೆ ಊಟ ತಿಂಡಿಗೆ ಒಂದೂವರೆ ಗಂಟೆ ಬಿಡುವು. ಶನಿವಾರ ಮಧ್ಯಾಹ್ನ 2ಕ್ಕೆ ಕೆಲಸ ಮುಗಿಯುತ್ತಿತ್ತು. ಉತ್ತರದ ಆ ನಾಡಿನಲ್ಲಿ ಚಳಿಗಾಲದ ಹಗಲು ಬಹಳ ಚಿಕ್ಕದು. ಆ ತಿಂಗಳುಗಳಲ್ಲಿ ಅವಳು ಕತ್ತಲಲ್ಲೇ ಹೊರಟು ಕತ್ತಲಲ್ಲೇ ಮನೆಗೆ ಬರುತ್ತಿದ್ದಳು. ಮನೆಗೆಲಸವೆಲ್ಲ ಅದರ ಆಚೆ ಈಚೆ.

ನೇಯ್ಗೆಯ ಶೆಡ್ಡಿನಲ್ಲಿ ನೂರಾರು ಮಗ್ಗಗಳು ಒಟ್ಟಿಗೆ ನಡೆಯುತ್ತವೆ. ನಿಮ್ಮ ಓಣಿಯಲ್ಲಿ ವಿದ್ಯುತ್ ಮಗ್ಗಗಳ ಸದ್ದು ಕೇಳಿ ಬೆಳೆದವನಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಸದ್ದು ಒಂದೇ ಸೂರಿನ ಕೆಳಗೆ ನೂರು ಪಟ್ಟಾಯಿತೆಂದು ಎಣಿಸಿಕೋ. ಅಲ್ಲಿ ಮಾತು ನಡೆಯುವುದಿಲ್ಲ. ಅದಕ್ಕಾಗಿ ಡಂಡೀಯ ಹೆಂಗಸರು ತುಟಿಯ ಚಲನೆಯನ್ನು ಓದುವುದನ್ನೂ ಕೈಸನ್ನೆಯಿಂದ ಮಾತಾಡುವುದನ್ನೂ ಕಲಿತಿದ್ದರು. ಮೇಸ್ತ್ರಿಯ ಬೆನ್ನ ಹಿಂದೆ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಮನೆಯ ಸುದ್ದಿಯೆಲ್ಲ ಸದ್ದಿಲ್ಲದೆ ಸಾಗುತ್ತಿತ್ತು. ವರ್ಷಗಳು ಕಳೆದಂತೆ ಹಲವರಿಗೆ ಕಿವಿ ಮಂದವಾಗುತ್ತಿತ್ತು, ಧೂಳಿನಿಂದ ಎದೆ ಕಟ್ಟುತ್ತಿತ್ತು. ಗಿರಣಿಗೆ ಹೊಸದಾಗಿ ಸೇರಿದವರಿಗೆ ಮೊದಲ ದಿನಗಳಲ್ಲಿ ಬರುವ ಜ್ವರವನ್ನು ಗಿರಣಿಜ್ವರವೆಂದೇ ಕರೆಯುತ್ತಿದ್ದರು.

ಆ ಹೆಂಗಸರೊಳಗೂ ಮೇಲುಕೀಳು ಇತ್ತು. ನೂಲುವ ಹೆಂಗಸರು ಧೂಳು ಹೆಚ್ಚಿರುವ ಗಿರಣಿ ಭಾಗದವರು, ಶಾಲು ಹೊದ್ದು ಬರುವವರು. ನೇಯುವ ಹೆಂಗಸರಿಗೆ ನೇಯ್ದ ಬಟ್ಟೆಯ ಲೆಕ್ಕದ ಮೇಲೆ ಕೂಲಿ. ಒಬ್ಬೊಬ್ಬಳ ವಶದಲ್ಲಿ ಸಾಮಾನ್ಯವಾಗಿ ಎರಡು ಮಗ್ಗ. ತಮ್ಮ ಕೈಚಳಕದ ಬಗ್ಗೆ ಅವರಿಗೆ ಹೆಮ್ಮೆ. ಅವರು ಕೆಲಸಕ್ಕೆ ಬರುವಾಗಲೂ ಟೋಪಿ ಧರಿಸಿ, ಕೈಗವಸು ತೊಟ್ಟು ಬರುತ್ತಿದ್ದರು. ಈ ಟೋಪಿ ಮತ್ತು ಕೈಗವಸುಗಳನ್ನು ನಾನು ಬರಿಯ ಬಿಂಕವೆಂದು ತಳ್ಳಿಹಾಕಲಾರೆ. ಒಂದೇ ಕೋಣೆಯ ಮನೆಯಿಂದ, ನೀರು ಹೊತ್ತು ತಂದು ಮುಖ ತೊಳೆದು, ಬೆಳಗಿನ ಆರು ಗಂಟೆಯೊಳಗೆ ಹಾಗೆ ಸಿದ್ಧಳಾಗಿ ಬೀದಿಗಿಳಿಯುವುದಕ್ಕೆ ಎಷ್ಟು ಛಲ ಬೇಕು! ಹೆಂಗಸರ ಈ ಧೈರ್ಯದ ನಡೆ ಮತ್ತು ಗಟ್ಟಿಬಾಯಿ ಊರಿನ ಸಭ್ಯ ಜನರಿಗೆ ಹಿಡಿಸುತ್ತಿರಲಿಲ್ಲ. ಆದರೆ ಸಂಬಳದಲ್ಲಿ ಕಡಿತವಾದಾಗ ಮಗ್ಗ ಬಿಟ್ಟು ಬೀದಿಗೆ ಬಂದವರೂ ಈ ಹೆಂಗಸರೇ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ದುಡಿಮೆಯ ಹಣ ಹೆಣ್ಣಿನ ಕೈಗೆ ಬಂದರೆ ಮನೆಯಲ್ಲಿ ಅವಳ ಮಾತು ನಡೆಯುತ್ತದೆಂದು ನಾವೆಲ್ಲ ನಂಬಿದ್ದೇವೆ. ಸ್ಲೆಸರ್ ಮನೆಯಲ್ಲಿ ಹಣ ತಾಯಿ ಮಗಳ ಕೈಗೇ ಬರುತ್ತಿತ್ತು. ಆದರೂ ಶನಿವಾರದ ಸಂಜೆ ಆ ಮನೆಗೆ ಭಯದ ಹೊತ್ತಾಗಿತ್ತು. ತಾಯಿ ಮಗಳಿಬ್ಬರೂ ತಮ್ಮ ಹೊಟ್ಟೆ ಕಟ್ಟಿ ತಂದೆಗೆಂದು ಊಟ ಮುಚ್ಚಿಟ್ಟು ಕಾಯುತ್ತಿದ್ದರೆ, ಅವನು ಕುಡಿದು ಬಂದು ಅದನ್ನೆತ್ತಿ ಬೆಂಕಿಗೆ ಸುರಿದದ್ದಿದೆ. ಅವನ ಕೋಪಕ್ಕೆ ಹೆದರಿ ಹುಡುಗಿ ರಾತ್ರಿಯಲ್ಲಿ ಬೀದಿಗೆ ಓಡಿ, ಅಳುತ್ತ ಅಲೆದದ್ದಿದೆ. ವಾರದ ನಡುವೆ ಹಣ ಮುಗಿದಾಗ ಬಟ್ಟೆಯ ಗಂಟನ್ನು ಯಾರಿಗೂ ಕಾಣದಂತೆ ಗಿರವಿ ಅಂಗಡಿಗೆ ಒಯ್ಯುವ ಕೆಲಸವೂ ಅವಳದೇ. ಇಷ್ಟೆಲ್ಲವನ್ನೂ ನೆರೆಹೊರೆಗೂ ಚರ್ಚಿಗೂ ತಿಳಿಯದಂತೆ ತಾಯಿ ಮುಚ್ಚಿಟ್ಟಳು. ವಾರಕ್ಕೊಮ್ಮೆ ಮಕ್ಕಳಿಗೆ ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಡಿಸಿ ಚರ್ಚಿಗೆ ಕರೆದೊಯ್ಯುತ್ತಿದ್ದಳು.

ಗೆಳೆಯ, ಕೂಲಿ ಅವಳದಾಯಿತು, ಆದರೆ ಅದರ ಜೊತೆಗೆ ಅಡುಗೆಯೂ ಅವಳದೇ ಉಳಿಯಿತು, ನೀರೂ ಅವಳದೇ, ಬಾಣಂತನವೂ ಅವಳದೇ, ಗಂಡನ ಮಾನ ಕಾಯುವ ಹೊಣೆಯೂ ಅವಳದೇ. ಗಿರಣಿಯ ಮಾಲೀಕ ಅವಳಿಗೆ ಕಡಿಮೆ ಕೂಲಿ ಕೊಟ್ಟದ್ದು ಅವಳು ಹೆಂಗಸೆಂಬ ಕಾರಣಕ್ಕೆ; ಹೆಂಗಸಿನ ಸಂಪಾದನೆ ಗಂಡನ ಸಂಪಾದನೆಗೆ ಮೇಲಿನ ಸೇರ್ಪಡೆಯಷ್ಟೇ ಎಂಬುದು ಅವನ ಲೆಕ್ಕ. ಆ ಗಂಡನಿಗೆ ಕೆಲಸ ಕೊಡದವನೂ ಅದೇ ಮಾಲೀಕ. ಡಂಡೀಯ ಚೀಲ ಜಗತ್ತಿಗೆಲ್ಲ ಅಗ್ಗವಾಗಿ ದೊರೆತದ್ದು ಈ ಲೆಕ್ಕದಿಂದ, ಮತ್ತು ಆ ಲೆಕ್ಕದಲ್ಲಿ ಕಡಿಮೆ ಬಿದ್ದದ್ದನ್ನೆಲ್ಲ ತುಂಬಿಕೊಟ್ಟದ್ದು ಇಂಥ ಮನೆಗಳು.

ಹಾಗೆ ಉಳಿದ ಲಾಭ ಡಂಡೀಯ ಬಡಕೇರಿಗಳಲ್ಲಿ ಉಳಿಯಲಿಲ್ಲ. ಸೆಣಬಿನ ಧನಿಕರು ಊರ ಹೊರಗೆ ಬಂಗಲೆ ಕಟ್ಟಿಸಿಕೊಂಡರು. 1873ರಲ್ಲಿ ಅದೇ ಊರಿನಲ್ಲಿ ಆರಂಭವಾದ ಹೂಡಿಕೆ ಸಂಸ್ಥೆಯೊಂದರ ಮೂಲಕ ಅವರ ಹಣ ಅಮೆರಿಕದ ರೈಲು ಕಂಪನಿಗಳ ಸಾಲಪತ್ರಗಳಿಗೆ ಹೋಯಿತು. ಇನ್ನೊಂದೆಡೆ 1855ರಲ್ಲೇ ಕಲ್ಕತ್ತದ ಬಳಿಯ ರಿಷ್ರಾದಲ್ಲಿ ಡಂಡೀಯಿಂದ ತರಿಸಿದ ಯಂತ್ರಗಳಿಂದ ನೂಲುವ ಗಿರಣಿ ಎದ್ದಿತ್ತು. ಮುಂದೆ ಹೂಗ್ಲಿ ದಡದ ಗಿರಣಿಗಳಿಗೆ ಮ್ಯಾನೇಜರುಗಳಾಗಿ, ಮೇಸ್ತ್ರಿಗಳಾಗಿ ಡಂಡೀಯ ಗಂಡಸರೇ ಹಡಗು ಹತ್ತಿ ಹೋದರು. ಶತಮಾನ ಮುಗಿಯುವ ಹೊತ್ತಿಗೆ ಕಲ್ಕತ್ತ ಡಂಡೀಯನ್ನು ಹಿಂದೆ ಹಾಕಿತು, ಏಕೆಂದರೆ ಅಲ್ಲಿಯ ಕೂಲಿ ಇನ್ನೂ ಕಡಿಮೆ. ನಮ್ಮ ಮನೆಗಳಲ್ಲಿ ಜೋಳ, ಶೇಂಗಾ ತುಂಬಿಟ್ಟ ಗೋಣಿಚೀಲಗಳು ಆ ಬಂಗಾಳದ ಗಿರಣಿಗಳ ಪರಂಪರೆಯವು. ಬಂಗಾಳದ ರೈತರೂ ಆ ಗಿರಣಿಗಳ ಕೂಲಿಗಳೂ ಪಟ್ಟ ಪಾಡು ಬೇರೆಯೇ ಒಂದು ದೊಡ್ಡ ಕಥೆಯಾದ್ದರಿಂದ ಅದನ್ನಿಲ್ಲಿ ಬೆಳೆಸುವುದಿಲ್ಲ.

ಮತ್ತೆ ಮೇರಿಯ ಮನೆಗೆ ಬರೋಣ. ತಂದೆ ನ್ಯುಮೋನಿಯಾದಿಂದ ತೀರಿಕೊಂಡ. ಗಂಡುಮಕ್ಕಳೂ ಉಳಿಯಲಿಲ್ಲ. ಕೊನೆಗೆ ಆ ಮನೆಯಲ್ಲಿ ಉಳಿದವರು ತಾಯಿ, ಮೇರಿ ಮತ್ತು ಇಬ್ಬರು ತಂಗಿಯರಾದ ಸೂಸನ್, ಜೇನಿ. ಮೇರಿಯ ಮಗ್ಗವೇ ಮನೆಗೆ ಮುಖ್ಯ ಆಧಾರವಾಯಿತು. ಬ್ಲಾಂಟೈರ್ ಊರಿನ ಹತ್ತಿಗಿರಣಿಯಲ್ಲಿ ಬಾಲಕನಾಗಿ ದುಡಿದು, ಮುಂದೆ ಆಫ್ರಿಕದಲ್ಲಿ ಮಿಷನರಿಯಾಗಿ ಹೆಸರಾದ ಡೇವಿಡ್ ಲಿವಿಂಗ್‌ಸ್ಟನ್ ನೂಲುವ ಯಂತ್ರದ ಮೇಲೆ ಪುಸ್ತಕ ಇಟ್ಟುಕೊಂಡು ಓದುತ್ತಿದ್ದನಂತೆ; ಮೇರಿಯೂ ಮಗ್ಗದ ಮೇಲೆ ಪುಸ್ತಕ ತೆರೆದಿಟ್ಟು, ಲಾಳಿ ಓಡುವ ನಡುವೆ ಒಂದೊಂದು ಸಾಲು ಓದಿದಳು. ಸಂಜೆ ಬಡಕೇರಿಯ ಮಕ್ಕಳಿಗೆ ಪಾಠ ಹೇಳಲು ಹೋಗುತ್ತಿದ್ದಳು. ಅಲ್ಲಿಯ ಪುಂಡರ ಗುಂಪೊಂದು ಅವಳನ್ನು ಸುತ್ತುವರಿದು, ಹಗ್ಗಕ್ಕೆ ಕಟ್ಟಿದ ಸೀಸದ ಗುಂಡನ್ನು ಅವಳ ಮುಖದ ಸುತ್ತ ಬೀಸುತ್ತ ಹತ್ತಿರ ಹತ್ತಿರ ತಂದರೂ ಅವಳು ಅಲುಗದೆ ನಿಂತಳೆಂಬ ಪ್ರಸಂಗ ಪ್ರಸಿದ್ಧವಾಗಿದೆ. ಆ ಧೈರ್ಯ ಅವಳಿಗೆ ದೈವಭಕ್ತಿಯಿಂದ ಬಂತೆಂದು ಹೇಳುತ್ತಾರೆ, ಅವಳೂ ಹಾಗೆಯೇ ನಂಬಿದ್ದಳು. ಶನಿವಾರದ ರಾತ್ರಿಗಳಲ್ಲಿ ಕುಡಿದ ತಂದೆಯ ಎದುರು ತಾಯಿಯ ಪಕ್ಕ ನಿಂತು ಅಭ್ಯಾಸವಾದ ಹುಡುಗಿಗೆ ಬೀದಿಯ ಪುಂಡರು ಹೊಸ ಭಯವಾಗಿರಲಿಲ್ಲ ಎಂಬುದನ್ನೂ ಅದಕ್ಕೆ ಸೇರಿಸಬೇಕೆಂದು ನನಗೆ ಅನಿಸುತ್ತದೆ.

1876ರ ಆಗಸ್ಟಿನಲ್ಲಿ ಅವಳು ಕ್ಯಾಲಬಾರಿಗೆ ಹೊರಟಳು. ವರ್ಷಕ್ಕೆ 60 ಪೌಂಡು ಸಂಬಳ. ಉಳಿದ ಬಿಳಿಯರು ತಮ್ಮ ದೇಶದಿಂದ ತರಿಸಿದ ಡಬ್ಬಿಯ ಆಹಾರ ತಿನ್ನುತ್ತಿದ್ದರೆ, ಅವಳು ಊರವರಂತೆ ಗೆಣಸು ಮುಂತಾದವನ್ನು ತಿಂದು, ಉಳಿಸಿದ ಹಣದಲ್ಲಿ ಹೆಚ್ಚಿನ ಪಾಲನ್ನು ಡಂಡೀಯ ತಾಯಿ ತಂಗಿಯರಿಗೆ ಕಳಿಸುತ್ತಿದ್ದಳು. ಅವಳು ಅಲ್ಲಿಯ ಜನರೊಡನೆ ಬೆರೆತದ್ದನ್ನು ಹೊಗಳುವಾಗ ಬಹಳಷ್ಟು ಜನ ಈ ಅಂಶವನ್ನು ಹಗುರವಾಗಿ ದಾಟಿಹೋಗುತ್ತಾರೆ. ಸಾವಿರಾರು ಮೈಲಿ ದೂರದಲ್ಲಿದ್ದರೂ ಅವಳು ಆ ಮನೆಯ ದುಡಿಯುವ ಮಗಳಾಗಿಯೇ ಇದ್ದಳು. 1886ರ ಹೊತ್ತಿಗೆ ಇಬ್ಬರು ತಂಗಿಯರೂ ತಾಯಿಯೂ ತೀರಿಕೊಂಡು ಆ ಮನೆ ಮುಗಿಯಿತು. ಹಣ ಕಳಿಸಬೇಕಾದವರು, ತನಗಾಗಿ ಚಿಂತೆ ಪಡುವವರು ಯಾರೂ ಉಳಿಯದ ಮೇಲೆಯೇ ಅವಳು ಒಳನಾಡಿನ ಅಪಾಯದ ಪ್ರದೇಶಗಳಿಗೆ ಒಬ್ಬಳೇ ಹೊರಟಳು. ಅವಳು ಅಲ್ಲಿಯೇ, 1915ರ ಜನವರಿಯಲ್ಲಿ, ಕಣ್ಣುಮುಚ್ಚಿದಳು.

1833ರಲ್ಲಿ ಕಟ್ಟಿದ ವರ್ಡೆಂಟ್ ವರ್ಕ್ಸ್ ಎಂಬ ಗಿರಣಿಯನ್ನು ಡಂಡೀಯಲ್ಲಿ ಈಗ ವಸ್ತುಸಂಗ್ರಹಾಲಯವನ್ನಾಗಿ ಮಾಡಿದ್ದಾರೆ. ಸೆಣಬಿನ ಯಂತ್ರಗಳನ್ನು ಅಲ್ಲಿ ನಡೆಸಿ ತೋರಿಸುತ್ತಾರೆ. ನೀನು ಎಂದಾದರೂ ಆ ಕಡೆ ಹೋದರೆ, ನೇಕಾರನ ಕಣ್ಣಿನಿಂದ ಅವುಗಳನ್ನು ನೋಡಿ ನನಗೆ ಬರೆಯಬೇಕು.

ಅದಕ್ಕೂ ಮೊದಲು ನಿನ್ನಿಂದ ಒಂದು ಉತ್ತರ ಬೇಕು. ಡಂಡೀಯ ತಾಯಂದಿರ ಕೂಲಿ ಎಷ್ಟೇ ಕಡಿಮೆಯಿದ್ದರೂ ಅವರವರ ಹೆಸರಿನಲ್ಲಿ ಕಾರ್ಖಾನೆಯ ಪುಸ್ತಕದಲ್ಲಿ ದಾಖಲಾಗುತ್ತಿತ್ತು. ನಿಮ್ಮ ಮನೆಯಲ್ಲಿ ಅಜ್ಜಿ ಮತ್ತು ಅವ್ವ ಕಂಡಿಕೆ ಸುತ್ತಿದ, ನೂಲಿಗೆ ಗಂಜಿ ಹಾಕಿದ ದುಡಿಮೆಗೆ ಸಾಹುಕಾರನ ಲೆಕ್ಕದಲ್ಲಿ ಬೇರೆ ಕೂಲಿ ಇತ್ತೇ, ಅಥವಾ ಅದೆಲ್ಲ ಅಜ್ಜನ ಹೆಸರಿನ ಖಣದ (ಕುಪ್ಪಸದ ಬಟ್ಟೆಯ) ಕೂಲಿಯಲ್ಲೇ ಸೇರಿಹೋಗುತ್ತಿತ್ತೇ? ಅವ್ವನನ್ನು ಕೇಳಿ ಬರೆ. ಹಳೆಯ ಲೆಕ್ಕದ ಪುಸ್ತಕವೇನಾದರೂ ಉಳಿದಿದ್ದರೆ ಅದರ ಒಂದೆರಡು ಪುಟಗಳ ಚಿತ್ರ ತೆಗೆದು ಕಳಿಸಿಕೊಡು.

ಮನೆಯಲ್ಲಿ ಹಿರಿಯರಿಗೆ ನನ್ನ ನಮಸ್ಕಾರಗಳು, ಮಕ್ಕಳಿಗೆ ಆಶೀರ್ವಾದಗಳು.

ಇಂತಿ,
ನಿನ್ನ ಪ್ರೀತಿಯ ಗೆಳೆಯ